ಪರದೇಶದ ಗೀತೆಗಳೂ ನನ್ನ ಮೊಣಕಾಲುಗಳೂ

ಕನಸು ಕಾಣುವುದಕ್ಕೂ ಒಂದು ಭಂಗಿ ಬೇಕಾಗುತ್ತದೆ ಎಂಬುದು ನನ್ನ ವಿನಮ್ರ ಅಭಿಪ್ರಾಯ. ನನ್ನದು ಸೋಫಾದ ಒಂದು ತೋಳಿನ ಮೇಲೆ ತಲೆಯನ್ನೂ ಇನ್ನೊಂದರ ಮೇಲೆ ಪಾದಗಳನ್ನೂ ಇರಿಸಿ ಮಲಗುವ ಭಂಗಿ. ನಾಸಿಕ್ ರೋಡಿನ ನಮ್ಮ ಬಾಡಿಗೆ ಮನೆಯಲ್ಲಿ ಡಿಸೆಂಬರಿನ ಇಳಿಬಿಸಿಲು ಕಿಟಕಿಯಿಂದ ಬಂದು ಹೊಟ್ಟೆಯ ಮೇಲೆ ಬೆಚ್ಚಗೆ ಕುಳಿತಾಗ, ನಾನು ಕಣ್ಣು ಅರೆಮುಚ್ಚಿ ಮುಂದಿನ ವರ್ಷವನ್ನು ನೋಡುತ್ತೇನೆ. ಎಂಥ ವರ್ಷ! ಮೊದಲು ಹಿಮದ ಮೇಲೆ ಜಾರುವವರ ಒಲಿಂಪಿಕ್ಸ್, ಜೊತೆಗೇ ಕ್ರಿಕೆಟ್ ವಿಶ್ವಕಪ್. ಬೇಸಿಗೆ ಕಳೆಯುವಷ್ಟರಲ್ಲಿ ಫುಟ್‌ಬಾಲ್ ವಿಶ್ವಕಪ್. ಅನಂತರ ಕಾಮನ್‌ವೆಲ್ತ್, ಏಷ್ಯನ್ ಕ್ರೀಡಾಕೂಟ. ಹೆಸರು ಉಚ್ಚರಿಸಲೂ ಬಾರದ ದೇಶಗಳ ತರುಣರು ನನ್ನ ಎರಡು ಪಾದಗಳ ನಡುವೆ ಕಾಣುವ ಟಿ.ವಿ.ಯಲ್ಲಿ ಓಡುತ್ತಾರೆ, ಜಿಗಿಯುತ್ತಾರೆ, ಗೆದ್ದು ಅಳುತ್ತಾರೆ. ನಾನಾದರೋ ಜೀವನದಲ್ಲಿ ಆಡಿದ ಏಕೈಕ ಆಟ ನಮ್ಮ ಬ್ಯಾಂಕಿನ ವಾರ್ಷಿಕೋತ್ಸವದ ಸಂಗೀತ ಕುರ್ಚಿ. ಅದರಲ್ಲಿಯೂ ಮೇಲಧಿಕಾರಿಗಳಿಗೆ ಕುರ್ಚಿ ಬಿಟ್ಟುಕೊಟ್ಟು ಮೊದಲ ಸುತ್ತಿನಲ್ಲೇ ಹೊರಬಂದವನು.

ಇಂಥ ಒಂದು ಮಧ್ಯಾಹ್ನ, ಹೆಂಡತಿ ಸುನಂದಾ ಫೋನು ಹಿಡಿದುಕೊಂಡೇ ನನ್ನ ಕನಸಿನೊಳಗೆ ಬಂದಳು. "ಏನ್ರಿ, ಅಪ್ಪಾಜಿ ಬರತಾರಂತ. ಮುಂದಿನ ವರ್ಷ ಆಟ ಬಾಳ ಅದಾವಲ್ಲ, ಎಲ್ಲಾನೂ ಅಳಿಯಂದಿರ ಜೋಡಿನ ಕುಂತು ನೋಡತೀನಿ ಅಂದ್ರು."

ನಮ್ಮ ಮಗಳು ತಲೆಯೆತ್ತಿ, "ಮಗ್ ಸೋಫಾ ಕಾಯ್ ಕಾಮಾಚಾ?" ಎಂದಳು. ಇನ್ನು ಸೋಫಾದಿಂದೇನು ಪ್ರಯೋಜನ ಎಂಬುದು ಅವಳ ಮರಾಠಿಯ ತಾತ್ಪರ್ಯ. ಮಗು ಹೇಳಿದ್ದು ಸತ್ಯ. ನನ್ನ ಮಾವನವರೂ ನಾನೂ ಕೂಡಿ ಟಿ.ವಿ. ನೋಡುವಾಗ ಅದರಲ್ಲಿ ಯಾವುದೇ ದೇಶದ ರಾಷ್ಟ್ರಗೀತೆ ಬಂದರೂ ಇಬ್ಬರೂ ಎದ್ದು ನೆಟ್ಟಗೆ ನಿಲ್ಲುತ್ತೇವೆ. ನಮ್ಮ ದೇಶದ್ದಕ್ಕೆ ನಿಲ್ಲುವುದು ಸರಿಯೇ. ನಾವು ಎಲ್ಲರದಕ್ಕೂ ನಿಲ್ಲುತ್ತೇವೆ. ಕ್ರೀಡಾಕೂಟದಲ್ಲಿ ಪದಕ ಪ್ರದಾನ ಆರಂಭವಾಯಿತೆಂದರೆ ಕುಳಿತುಕೊಳ್ಳುವುದೇ ವ್ಯರ್ಥ.

ಇದರ ಮೂಲ ನಾನು ಹೆಣ್ಣು ನೋಡಲು ಛತ್ರಪತಿ ಸಂಭಾಜಿನಗರಕ್ಕೆ ಹೋದ ದಿನದಲ್ಲಿದೆ. ಮಾವನವರು ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದವರು. ನನ್ನ ತಂದೆ ಬಾಗಲಕೋಟೆಯ ಕಡೆಯಿಂದ ಬಂದು ನಾಸಿಕದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ ಮಾಡಿದವರು. ನಮ್ಮ ವಂಶದಲ್ಲಿ ಪದವಿ ಪಡೆದ ಪ್ರಥಮ ಪ್ರಾಣಿ ನಾನು. ಹೊರಡುವಾಗ ತಂದೆ ನನ್ನ ಅಂಗಿಯ ಕಾಲರು ಸರಿಪಡಿಸುತ್ತ, "ಕಲತವರ ಮನಿ ಐತಿ. ಅವ್ರು ಹೆಂಗ ಮಾಡತಾರ, ನೋಡಿ ಹಂಗ ಮಾಡು," ಎಂದಿದ್ದರು. ಅಲ್ಲಿ ಟಿ.ವಿ.ಯಲ್ಲಿ ಯಾವುದೋ ದೇಶದ ಓಟಗಾರ್ತಿಗೆ ಪದಕ ತೊಡಿಸುತ್ತಿದ್ದರು. ಗೀತೆ ಆರಂಭವಾಯಿತು. ಮಾವನವರು ಎದ್ದರು. ನಾನೂ ತಕ್ಷಣ ಎದ್ದು, ಕೈಗಳನ್ನು ತೊಡೆಗೆ ಅಂಟಿಸಿ ನಿಂತೆ. "ನಿಂತ ಠೀವಿ ನೋಡೇ ಅಪ್ಪಾಜಿ ಹೂಂ ಅಂದ್ರು," ಎಂದು ಸುನಂದಾ ಮದುವೆಯ ನಂತರ ತಿಳಿಸಿದಳು. ಆ ಮನೆಯಲ್ಲಿ ನನ್ನ ಮರ್ಯಾದೆಯ ಬುನಾದಿಯೇ ಅದು. ಗೌಂಡಿಯ ಮಗನಿಗೆ ಬುನಾದಿಯನ್ನು ಅಲುಗಾಡಿಸುವ ಧೈರ್ಯ ಬರುವುದಿಲ್ಲ. ಆದರೆ ಒಂದು ಇಡೀ ವರ್ಷ!

ಮಾವನವರನ್ನು ಕರೆತರಲು ನಾನೇ ಹೋದೆ. ಹಿಂತಿರುಗುವಾಗ ಬಸ್ಸು ನಿಫಾಡದ ದ್ರಾಕ್ಷಿ ತೋಟಗಳ ನಡುವೆ ತೂಕಡಿಸುತ್ತ ಸಾಗುತ್ತಿತ್ತು. ಚಪ್ಪರಗಳ ಸಾಲು ಸಾಲು ಬಳ್ಳಿಗಳು, ಉದ್ಘಾಟನೆಯ ದಿನ ಮೈದಾನಕ್ಕೆ ಬರುವ ತಂಡಗಳಂತೆ, ಒಂದರ ಹಿಂದೊಂದು ಕಿಟಕಿಯಲ್ಲಿ ಹಾದುಹೋಗುತ್ತಿದ್ದವು. ನಾನು ಮನಸ್ಸಿನಲ್ಲೇ ಎಲ್ಲವಕ್ಕೂ ಎದ್ದು ನಿಲ್ಲುತ್ತಿದ್ದೆ. ಮಾವನವರು ತಮ್ಮ ಮೊಣಕಾಲು ನೀವಿಕೊಳ್ಳುತ್ತ ಮೆಲ್ಲಗೆ ಕೆಮ್ಮಿದರು.

"ಅಳಿಯಂದ್ರ, ಒಂದ ಮಾತ ಕೇಳ್ಲಿ? ತಪ್ಪ ತಿಳಕೋಬ್ಯಾಡ್ರಿ."

"ಕೇಳ್ರಿ ಮಾವನವರ."

"ಎಲ್ಲಾ ದೇಶದ ಹಾಡಿಗೂ ಎದ್ದು ನಿಂದ್ರೂದು... ಅದು ಡಿಗ್ರಿ ಆದವ್ರಿಗೆ ಕಡ್ಡಾಯ ಏನ್ರಿ?"

ನಾನು ದಂಗಾದೆ. "ಅವತ್ತ ನೀವ ಮೊದಲ ಎದ್ರಲ್ರಿ! ನಿಮ್ಮನ್ನ ನೋಡಿ ನಾ ಎದ್ದೆ."

"ನಾನಾ? ರಿಮೋಟ್ ನನ್ನ ಬುಡಕ ಸಿಕ್ಕಿತ್ತರೀ! ಸಪ್ಪಳ ಕಡಿಮಿ ಮಾಡೂಣಂತ ಎದ್ದೆ. ನೋಡತೀನಿ, ನೀವು ಧ್ವಜದ ಕಂಬ ಆಗಿ ನಿಂತೀರಿ. ಹುಡುಗ ಇಷ್ಟ ಸಂಸ್ಕಾರವಂತ ಇದ್ದಾಗ, ಹಿರ್ಯಾ ನಾ ಕುಂತ್ರ ಹೆಂಗ?"

ಇಬ್ಬರೂ ನಕ್ಕ ರಭಸಕ್ಕೆ ಕಂಡಕ್ಟರು ಹಿಂತಿರುಗಿ ನೋಡಿದ. "ಹಂಗಾದ್ರ ಇನ್ನಮ್ಯಾಲೆ ನಮ್ಮದಕ್ಕ ಅಷ್ಟ ನಿಂದ್ರೂಣು. ಉಳದದ್ದಕ್ಕ ಕುಂಡ್ರೂಣು," ಎಂದರು ಮಾವನವರು. "ಕುಂಡ್ರೂಣ್ರಿ," ಎಂದೆ. ನನ್ನ ಸೋಫಾ ನನಗೆ ಮರಳಿ ಬಂದಂತೆ, ಅದರ ಮೇಲೆ ಬಿಸಿಲೂ ಬಂದು ಕುಳಿತಂತೆ ಭಾಸವಾಯಿತು.

ಸಂಜೆ ಚಹಾ ಕುಡಿಯುತ್ತ ಟಿ.ವಿ. ಹಾಕಿದೆವು. ಮುಂದಿನ ವರ್ಷದ ಪಂದ್ಯಗಳ ಮುನ್ನೋಟ, ಹಳೆಯ ಯಾವುದೋ ಫೈನಲ್ಲು, ಎದೆಯ ಮೇಲೆ ಕೈಯಿಟ್ಟ ಹನ್ನೊಂದು ಮಂದಿ ಆಟಗಾರರು, ಗೀತೆ. ನಾವಿಬ್ಬರೂ ಕುಳಿತೇ ಇದ್ದೆವು. ಮಾವನವರು ಛಾವಣಿ ನೋಡಿದರು. ನಾನು ಕಪ್ಪಿನ ತಳ ನೋಡಿದೆ. ಮಗಳು ನಮ್ಮನ್ನೇ ದಿಟ್ಟಿಸುತ್ತ, "ಬಸಾ, ಬಸಾ," ಎಂದು ಕುಳಿತೇ ಇರಲು ಮರಾಠಿಯಲ್ಲಿ ಧೈರ್ಯ ತುಂಬುತ್ತಿದ್ದಳು. ನನ್ನ ಮೊಣಕಾಲುಗಳು ಮಾತ್ರ ಬಸ್ಸಿನ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ತಂದೆ ನನ್ನ ಕಾಲರು ಸರಿಪಡಿಸಿದ ಹಾಗಾಯಿತು.

"ನೀರು ತರತೀನ್ರಿ," ಎಂದು ಎದ್ದೆ.

"ಛೇ, ನಿಮಗ್ಯಾಕ ತ್ರಾಸು, ನಾನೂ ಬರತೀನಿ," ಎಂದು ಮಾವನವರೂ ನರಳುತ್ತ ಎದ್ದರು.

ಗೀತೆ ಮುಗಿಯಿತು. ಇಬ್ಬರೂ ಕುಳಿತೆವು.

"ನೀರೆಲ್ಲ್ರೀ?" ಎಂದಳು ಸುನಂದಾ.

ಲಕ್ಷಣಗಳನ್ನು ಅವಲೋಕಿಸಿದರೆ, ಬರುವ ವರ್ಷ ನಮ್ಮ ಮನೆಯಲ್ಲಿ ಎರಡು ಜೀವಗಳಿಗೆ ವಿಪರೀತ ಬಾಯಾರಿಕೆಯಾಗುವ ಸಂಭವವಿದೆ.