ಮನುಷ್ಯರ ಗುಳಿಗೆ, ಆಕಳ ರಕ್ತ

ದನದ ಡಾಕ್ಟರನ ಬಾಳಿನಲ್ಲಿ ನಗೆಪಾಟಲಿಗೆ ಎಂದೂ ಬರವಿಲ್ಲ. ಪಿಎಚ್.ಡಿ. ಮಾಡಲು ಹೊರಟ ಮೇಲಂತೂ ನನಗೆ ಅದು ದಿನದ ಊಟವೇ ಆಗಿಬಿಟ್ಟಿದೆ. ಮನುಷ್ಯರ ವೈರಸ್ ಜ್ವರಕ್ಕೆಂದು ಮಾಡಿದ ಹಳೆಯ ಗುಳಿಗೆಯನ್ನು ಚರ್ಮಗಂಟು ರೋಗದ ಆಕಳುಗಳಿಗೆ ಕೊಡುವುದು, ಆಮೇಲೆ ರಕ್ತ ತೆಗೆದು, ರೋಗದ ಜೊತೆ ಗುದ್ದಾಡುವ ಬಿಳಿಕಣಗಳು ಹೆಚ್ಚಾದವೋ ಕಡಿಮೆಯಾದವೋ ನೋಡುವುದು. ಇಷ್ಟೇ ನನ್ನ ಸಂಶೋಧನೆ. ಆಕಳುಗಳು ನನಗೇನೂ ತೊಂದರೆ ಕೊಡಲಿಲ್ಲ, ಒಂದನ್ನು ಬಿಟ್ಟು.

ಹುಲ್ಲಿನ ಪಥ್ಯ

ಗುಳಿಗೆ ತೀರಿತೆಂದು ಹಿರೇಕೆರೂರಿನ ಔಷಧಿ ಅಂಗಡಿಗೆ ಹೋದೆ. ಚೀಟಿಯಲ್ಲಿ ಎಂದಿನಂತೆ ಆಕಳ ಹೆಸರು, ವಯಸ್ಸು, ತೂಕ ಬರೆದಿದ್ದೆ: ಗೌರಿ, ನಾಲ್ಕು ವರ್ಷ, ಮುನ್ನೂರು ಕಿಲೋ. ಅಂಗಡಿಯವರು ಕನ್ನಡಕ ಏರಿಸಿ ಮತ್ತೊಮ್ಮೆ ಓದಿದರು.

“ಈ ಹುಡುಗಿ ತೂಕ ಖರೇನ ಇಷ್ಟೈತೇನ್ರಿ?”

“ಇನ್ನೂ ಹೆಚ್ಚಿತ್ರಿ. ಜಡ್ಡು ಬಂದು ಇಳದೈತಿ.”

“ಗುಳಿಗಿ ಆಮ್ಯಾಲ ನೋಡೂಣು. ಮೊದಲ ಊಟ ಕಡಿಮಿ ಮಾಡಸ್ರಿ.”

ನನಗೋ ಬಸ್ಸಿನ ಅವಸರ. “ಊಟ ಎಲ್ಲೀದ್ರಿ, ಬರೇ ಹುಲ್ಲು ತಿಂತಾಳ,” ಎಂದೆ.

ಅವರ ಕಣ್ಣು ತುಂಬಿ ಬಂತು. “ಅಯ್ಯ ಪಾಪ! ಅಷ್ಟು ಪಥ್ಯ ಮಾಡಿದ್ರೂ ಬರೇ ಇಷ್ಟ ಇಳದೈತೇನ್ರಿ!”

ಸಿಪಾಯಿಗಳು

ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರದ ಚಾಚಾ ಒಬ್ಬರು ಬಿಳಿಕಣ ಅಂದರೇನು ಎಂದು ಕೇಳಿದರು. “ರಕ್ತದಾಗಿನ ಸಿಪಾಯಿಗಳ್ರಿ,” ಎಂದೆ. ಗುಳಿಗೆ ಕೊಟ್ಟು ಬಂದು, ಮುಂದಿನ ವಾರ ರಕ್ತಕ್ಕೆಂದು ಹೋಗಿ ಸೂಜಿ ಚುಚ್ಚಿದೆನೋ ಇಲ್ಲವೋ, ಎದ್ದು ನಿಲ್ಲಲೂ ಆಗದಿದ್ದ ಅವರ ಆಕಳು ಒದ್ದ ಒದೆತಕ್ಕೆ ನಾನು ತಿಪ್ಪೆಯಲ್ಲಿದ್ದೆ. ಚಾಚಾ ಕೈಹಿಡಿದು ಎಬ್ಬಿಸುತ್ತ ಹಿಗ್ಗಿನಿಂದ ಹೇಳಿದರು: “ಇನ್ನ ರಕ್ತ ಯಾಕ್ರಿ ಸಾಹೇಬ್ರ? ಪಲ್ಟನ್ ಬಂದೈತಂತ ನಿಮಗ ಗೊತ್ತಾತಲ್ಲ!”

ತಿಳವಳ್ಳಿ ಬಸ್ಸು

ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ರಕ್ತದ ಸೀಸೆಗಳ ಐಸ್ ಡಬ್ಬಿ ಹಿಡಿದು ನಿಂತಿದ್ದೆ. “ಐಸ್‌ಕ್ರೀಮೇನ್ರಿ?” ಎಂದರು ಕುಳಿತವರೊಬ್ಬರು. “ರಕ್ತರೀ,” ಎಂದೆ. ಇಡೀ ಸೀಟು ಖಾಲಿಯಾಯಿತು. ಈಗ ಡಬ್ಬಿಯಲ್ಲಿ ಬುತ್ತಿ ಇದ್ದರೂ ಅದೇ ಉತ್ತರ ಕೊಡುತ್ತೇನೆ.

ಮಾಸೂರಿನ ಓಣಿ

ಮಾಸೂರಿನ ಒಂದು ಓಣಿಯ ಆಕಳುಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಗುಳಿಗೆ ಅರೆದು ಬೆರೆಸಿದ ಬೆಲ್ಲದ ಉಂಡೆ, ಇನ್ನೊಂದಕ್ಕೆ ಬರೀ ಬೆಲ್ಲದ ಉಂಡೆ ಹಂಚಿದ್ದೆ. ಯಾರದ್ದು ಯಾವುದೆಂದು ಮನೆಯವರಿಗೆ ಹೇಳಿರಲಿಲ್ಲ. ಎರಡು ಪಾಲಿನ ರಕ್ತದಲ್ಲಿ ಫರಕು ಕಂಡರೆ ನನಗೆ ಪದವಿ, ಕಾಣದಿದ್ದರೆ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು. ವರದಿ ಬಂತು. ಕೂದಲೆಳೆಯಷ್ಟೂ ಫರಕಿಲ್ಲ! ನನ್ನ ಗೈಡ್ ಫೋನಿನಲ್ಲೇ ಗುಡುಗಿದರು. ಮಾಸೂರಿಗೆ ಓಡಿದೆ.

ಮೊದಲ ಮನೆಯಲ್ಲೇ ಕೇಳಿದೆ. “ಅಕ್ಕಾ, ಉಂಡಿ ದಿನಾ ತಿನ್ನಿಸೀರೇನ್ರಿ?”

“ತಿನ್ನಿಸೇವ್ರಿ. ಅರ್ಧಾ ನಮ್ಮ ಆಕಳಿಗೆ, ಅರ್ಧಾ ಮಗ್ಗಲ ಮನಿ ಆಕಳಿಗೆ.”

“ಅವರಿಗೂ ಉಂಡಿ ಕೊಟ್ಟೇನಲ್ರಿ!”

“ಅದರಾಗ ಅವರು ನಮಗ ಅರ್ಧಾ ಕೊಡ್ತಾರ. ಮಗ್ಗಲ ಮನಿಗೆ ಕೊಡದ ಹೆಂಗ ತಿನ್ನಸೂದ್ರಿ? ಓಣಿ ತುಂಬ ಹಂಗ ಮಾಡೇವಿ. ರುಚೀನೂ ಛಲೋ ಐತಿ, ಒಂಚೂರು ಕಹಿ ಅಷ್ಟ.”

“ರುಚಿ ನಿಮಗ ಹೆಂಗ ಗೊತ್ತು?”

“ಮೂಕ ಪ್ರಾಣಿಗೆ ಕೊಡೂ ಮುಂದ ನಾವು ತಿಂದು ನೋಡಬಾರದೇನ್ರಿ?”

ಕಟ್ಟೆಯ ಮೇಲೆ ಕುಸಿದು ಕುಳಿತೆ. ಅಳುವುದೊಂದು ಬಾಕಿ. ಅಕ್ಕ ಕನಿಕರಪಟ್ಟು ಕೈಗೆ ಏನೋ ಇಟ್ಟರು, ಚಿಂತೆಯಲ್ಲೇ ಬಾಯಿಗೆ ಹಾಕಿಕೊಂಡೆ. ಅಷ್ಟರಲ್ಲಿ ಗೈಡ್ ಅವರ ಫೋನು ಬಂತು. “ಓಣಿ ಅಷ್ಟೂ ಔಷಧಿ ತಿಂದೈತ್ರಿ ಸರ್,” ಎಂದೆ, ಜಗಿಯುತ್ತಲೇ.

“ಔಷಧಿ ತಿನ್ನದ ಒಂದ ಒಂದು ಪ್ರಾಣಿನೂ ಅಲ್ಲಿ ಉಳದಿಲ್ಲೇನೋ?”

ಆಗ ಬೆಲ್ಲದ ಹಿಂದಿನಿಂದ ಕಹಿ ನಾಲಿಗೆಗೆ ತಗುಲಿತು.

“ಒಂದು ಉಳದಿತ್ರಿ ಸರ್. ಅದೂ ಈಗಷ್ಟ ನುಂಗಿತು.”