ಎಡಗಡೆಯ ಡಬ್ಬಿ

ಆಳಂದದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಜಯತೀರ್ಥರ ಸ್ಟೀರಿಯೋಗೆ ದೀಪಾವಳಿಯಾದ ವಾರಕ್ಕೆ ಲಕ್ವಾ ಹೊಡೆಯಿತು. ಬಲಗಡೆಯ ಸ್ಪೀಕರ್ ಡಬ್ಬಿ ಹಾಡುತ್ತಿತ್ತು, ಎಡಗಡೆಯದು ಮೌನವ್ರತ ಹಿಡಿದಿತ್ತು.

ಬೇರೆ ದಿನವಾಗಿದ್ದರೆ ನಡೆಯುತ್ತಿತ್ತು. ಅಂದು ಸಂಜೆ ಮಾವ ಪಾಂಡುರಂಗರಾಯರು ಬರುವವರಿದ್ದರು. ಹಬ್ಬದಲ್ಲಿ ಇದೇ ಮನೆಯಲ್ಲಿ ತಾವು ಹಾಡಿದ ಪದಗಳನ್ನು ತಾವೇ ಕೇಳಿ ತಾವೇ ಮೆಚ್ಚುವುದು ಅವರ ಉದ್ದೇಶ. ಅಳಿಯನನ್ನು ಕಲಬುರ್ಗಿಗೆ ವರ್ಗ ಮಾಡಿಸುವ ಶಿಫಾರಸು ಪತ್ರವೂ ಅವರ ಕಿಸೆಯಲ್ಲೇ ಬರುವುದಿತ್ತು. ಹಬ್ಬದ ದಿನ ಹಾಡನ್ನು ಕ್ಯಾಸೆಟ್ಟಿಗೆ ತುಂಬಿಕೊಳ್ಳಲು ಜಯತೀರ್ಥರು ಎರಡು ಮೈಕು ಇಟ್ಟಿದ್ದರು. ಬಲಗಡೆಯದು ಮಾವನ ಮುಂದೆ, ಎಡಗಡೆಯದು ತಬಲಾದ ಮುಂದೆ. ಎಡ ಡಬ್ಬಿ ಸತ್ತರೆ ತಬಲಾವೂ ಸತ್ತಂತೆ.

"ಒಂದ ಡಬ್ಬಿ ಸಾಕಲ್ರಿ. ಅಪ್ಪಗ ತನ್ನ ದನಿ ಕೇಳಿದ್ರ ಆತು," ಎಂದಳು ಹೆಂಡತಿ ಜಾನಕೀಬಾಯಿ.

"ಹಂಗಾದ್ರ ನನ್ನ ತಬಲಾ ಏನ ಪಾಪ ಮಾಡೇದ್ರಿ ವೈನಿ?" ಎನ್ನುತ್ತ ಬಂದರು ಪಕ್ಕದ ಮನೆಯ ತೊಗರಿ ವ್ಯಾಪಾರಿ ಹಣಮಂತರಾಯರು. ಹಬ್ಬದಲ್ಲಿ ಬಾರಿಸಿದವರು ಅವರೇ. ಬಂದವರೇ ತೊಗರಿ ಚೀಲ ಜಾಡಿಸಿದಂತೆ ಡಬ್ಬಿಯ ನೆತ್ತಿಗೆ ನಾಲ್ಕು ಗುದ್ದಿದರು. ಧೂಳು ಬಂತು, ದನಿ ಬರಲಿಲ್ಲ.

ಜಯತೀರ್ಥರು ವಿಜ್ಞಾನದ ದಾರಿ ಹಿಡಿದರು. ಡಬ್ಬಿಗಳನ್ನು ಅದಲುಬದಲು ಮಾಡಿದರು. ಮೂಕ ಡಬ್ಬಿ ಬಲಕ್ಕೆ ಹೋಗಿ ಹಾಡಿತು, ಹಾಡುವ ಡಬ್ಬಿ ಎಡಕ್ಕೆ ಬಂದು ಮೂಕವಾಯಿತು. 'ಡಬ್ಬಿ ನಿರ್ದೋಷಿ' ಎಂದು ನೋಟ್‌ಬುಕ್ಕಿನಲ್ಲಿ ಬರೆದರು. ರೇಡಿಯೋ ರಿಪೇರಿಯ ಶರಫುದ್ದೀನ ಬಂದು ಯಂತ್ರದ ಹೊಟ್ಟೆ ಬಗೆದ. ಮುಚ್ಚಿದಾಗ ಮೂರು ಸ್ಕ್ರೂ ಉಳಿದವು.

"ಫಿಕರ್ ಮಾಡಬ್ಯಾಡ್ರಿ ಸಾರ್, ಕಂಪನಿಯವ್ರು ಜಾಸ್ತಿನೇ ಹಾಕಿರ್ತಾರ. ಮಷೀನ್ ಖಡಕ್ ಅದ."

ಉಳಿದದ್ದು ವೈರು. ಬೆಳಿಗ್ಗೆಯೇ ಬಗ್ಗಿ ನೋಡಿದ್ದರೆ ಒಂದು ನಿಮಿಷದ ಕೆಲಸ. ಆದರೆ ಬಗ್ಗಿ ನೋಡುವುದು ಜಯತೀರ್ಥರ ಪದ್ಧತಿಯಲ್ಲಿ ಕೊನೆಯ ಹಂತ. ಕಪಾಟಿನ ಹಿಂದೆ ವೈರು ತುಂಡಾಗಿ ಬಿದ್ದಿತ್ತು.

"ಇಲಿ!" ಎಂದು ತೀರ್ಪು ಕೊಟ್ಟರು. ಅಳತೆಪಟ್ಟಿ ಇಟ್ಟು ಕೊಯ್ದಷ್ಟು ನೇರವಾಗಿ ಕಡಿಯುವ ಇಲಿಗೆ ಎಂಥ ಹಲ್ಲಿರಬೇಕೆಂಬ ಪ್ರಶ್ನೆ ಭೌತಶಾಸ್ತ್ರದ ವ್ಯಾಪ್ತಿಗೆ ಬರಲಿಲ್ಲ.

"ಒಂದ ನಿಮಿಷ ಒಳಗ ಬರ್ರಿ, ಹೇಳೂದದ," ಎಂದಳು ಜಾನಕೀಬಾಯಿ ಗಂಡನಿಗೆ, ಹಣಮಂತರಾಯರ ಕಡೆ ಓರೆಗಣ್ಣಿಂದ ನೋಡುತ್ತ.

"ಕೆಲಸ ನಡದದ, ಆಮ್ಯಾಲ ಹೇಳು," ಎಂದು ಜಯತೀರ್ಥರು ತಂತಿ ಹೊಸೆದು ಅಂಟುಪಟ್ಟಿ ಸುತ್ತಿದರು.

ಸಂಜೆ ಮಾವ ಬಂದರು. ಪತ್ರ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ ಕೂತರು. ಕ್ಯಾಸೆಟ್ಟು ತಿರುಗಿತು. ಬಲದಿಂದ ಮಾವ, ಎಡದಿಂದ ತಬಲಾ. ಹಣಮಂತರಾಯರ ತಲೆ ತೂಗಿತು. ಆಗ ಎಡ ಡಬ್ಬಿಯಿಂದ, ತಬಲಾದ ಪಕ್ಕದಿಂದಲೇ, ಜಯತೀರ್ಥರ ದನಿ ಸ್ವಚ್ಛವಾಗಿ ಹೇಳಿತು:

"ಹಣಮಂತರಾಯರ, ಸ್ವಲ್ಪ ಜೋರ ಬಾರಸ್ರಿ. ಮುದುಕನ ಗಂಟಲಾ ಅದರಾಗ ಮುಚ್ಚಿಹೋಗ್ಲಿ."

ಹಣಮಂತರಾಯರಿಗೆ ತಟ್ಟನೆ ಅಂಗಡಿ ನೆನಪಾಯಿತು. ಮಾವ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಸೇರಿಸಿ, ಚಪ್ಪಲಿ ಮೆಟ್ಟಿದರು.

ಜಾನಕೀಬಾಯಿ ಒಳಗಿಂದ ಕತ್ತರಿ ತಂದು ಗಂಡನ ಮುಂದಿಟ್ಟಳು.

"ಇದಾ ನೋಡ್ರಿ ನಿಮ್ಮ ಇಲಿ. ಮೊನ್ನೆ ನಾನೊಬ್ಬಾಕೇ ಕೂತು ಕ್ಯಾಸೆಟ್ ಕೇಳಿದಾಗ ಕಡದಿತ್ತು."