ತುಕ್ಕು, ನೆರಳು ಮತ್ತು ನಮ್ಮ ಮೇಡಂ

ನಮ್ಮ ಮೇಡಂ ಕ್ಯಾಮೆರಾ ಹೊರತೆಗೆದರೆ ಸಾಕು, ಸುತ್ತ ಏನಾದರೊಂದು ಎಡವಟ್ಟು ಆಗಲೇಬೇಕು. ಅವರು ಫೋಟೋಗ್ರಾಫರ್, ಈಚೆಗೆ ಸಿನಿಮಾನೂ ಮಾಡುತ್ತಾರೆ. ನಾನು ಅವರ ಚಿತ್ರಗಳಿಗೆ ಧ್ವನಿ ಮುದ್ರಿಸುವವನು. ಹೂವು, ಸೂರ್ಯಾಸ್ತ, ನಗುವ ಮಗು ಯಾವುದೂ ಅವರಿಗೆ ಬೇಡ. ತುಕ್ಕು, ನೆರಳು, ಖಾಲಿ ಗೋಡೆ ಬೇಕು. ಮೊದಮೊದಲು ನನಗೆ ಅರ್ಥವಾಗುತ್ತಿರಲಿಲ್ಲ. ಅವರ ಪ್ರಿಂಟ್‌ಗಳನ್ನು ನೋಡಿದ ಮೇಲೆ, ದಿನಾ ಓಡಾಡುವ ರಸ್ತೆಯನ್ನೇ ನಾನು ನೋಡಿರಲಿಲ್ಲ ಅನ್ನಿಸಿತು.

ತುಕ್ಕು

ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಹಿಂಬದಿಯ ತಗಡಿನ ಗೋಡೆ. ಮಳೆನೀರು ಇಳಿದಿಳಿದು ತುಕ್ಕು ಭೂಪಟದ ಹಾಗೆ ಹರಡಿತ್ತು. ಮೇಡಂ ಅದರ ಮುಂದೆ ನಿಂತೇಬಿಟ್ಟರು. ಬೆಳಕು ಸಾಲದು, ನಾಳೆ ಬರುತ್ತೇವೆ ಎಂದು ಮಾಲೀಕರಿಗೆ ಹೇಳಿ ಹೊರಟೆವು.

ಮಾರನೇ ಬೆಳಿಗ್ಗೆ ಹೋದರೆ ಗೋಡೆ ತುಂಬ ಹೊಸ ನೀಲಿ ಬಣ್ಣ. ಮಾಲೀಕರು ಅಂಗಿಗೆಲ್ಲ ಬಣ್ಣ ಸಿಡಿಸಿಕೊಂಡು, ಬ್ರಷ್ ಹಿಡಿದು ನಿಂತಿದ್ದರು. ಅಷ್ಟು ದೂರದಿಂದ ಬರುವವರಿಗೆ ತುಕ್ಕು ತೋರಿಸುವುದು ಮರ್ಯಾದೆಯಲ್ಲ ಎಂದು ತಾವೇ ಬಳಿದರಂತೆ. ನನಗೆ ಅಳು ಬರುವುದೊಂದು ಬಾಕಿ. ಮೇಡಂ ಅವರನ್ನೇ ಆ ಗೋಡೆಯ ಮುಂದೆ ನಿಲ್ಲಿಸಿ ಕ್ಲಿಕ್ ಮಾಡಿದರು.

ಮೇಡಂ ಫೋಟೋ ಪ್ರದರ್ಶನದಲ್ಲಿ ಎಲ್ಲರೂ ನಿಂತು ನೋಡಿದ್ದು ಆ ಚಿತ್ರವನ್ನೇ. ಮಾಲೀಕರೂ ಬಂದಿದ್ದರು. ಬಹಳ ಹೊತ್ತು ನೋಡಿ ಹೇಳಿದರು: “ಇನ್ನೊಂದು ಕೋಟ್ ಹೊಡೀಬೇಕಿತ್ತು ಮೇಡಂ.”

ನೆರಳು

ಬಾಗಲಗುಂಟೆಯ ನಮ್ಮ ಪಕ್ಕದ ಮನೆ ಆಂಟಿಗೆ ಫೋಟೋ ಬೇಕಿತ್ತು. ಅವರು ಬಾಲ್ಕನಿಯಲ್ಲಿ ಹೂ ಕಟ್ಟುತ್ತಿದ್ದಾಗ ಗೋಡೆಗೆ ಬಿದ್ದ ಕೈಗಳ ನೆರಳನ್ನಷ್ಟೇ ಮೇಡಂ ತೆಗೆದರು. ಎಂಥ ಚಿತ್ರ ಅಂತೀರಿ, ಬೆರಳುಗಳೇ ಮಾತಾಡುತ್ತಿದ್ದವು. ಆಂಟಿ ಮಾತ್ರ ತಮ್ಮ ಹೊಸ ಚಿನ್ನದ ಬಳೆ ಎಲ್ಲಿ ಎಂದು ಹುಡುಕಿದರು. ನೆರಳಲ್ಲಿ ಚಿನ್ನ, ಗಾಜು ಎರಡೂ ಒಂದೇ ಎಂದು ನಾನು ವಿವರಿಸಿದೆ.

ಆಂಟಿ ಸ್ವಲ್ಪ ಯೋಚಿಸಿ, “ಹಾಗಾದ್ರೆ ನಮ್ಮ ನಾದಿನೀದು ಹೀಗೇ ತೆಗೀರಿ ಮೇಡಂ. ನಂದು ಬೆಳಕಲ್ಲಿರ್ಲಿ,” ಅಂದರು.

ಎಮ್ಮೆ

ಮೇಡಂ ಮೊದಲ ಸಿನಿಮಾದಲ್ಲಿ ಮಾತೇ ಇಲ್ಲ. ನೋಡಿದ ಸಿನಿಮಾರಂಗದ ದೊಡ್ಡವರೆಲ್ಲ ತೀರಾ ನಿಧಾನ ಎಂದು ಕೈಬಿಟ್ಟಿದ್ದರು. ಚಿತ್ರೀಕರಣ ಆದ ಪಟ್ಟಂದೂರು ಅಗ್ರಹಾರದಲ್ಲೇ ತೋರಿಸೋಣ, ಅಲ್ಲಿಯವರೂ ಎದ್ದು ಹೋದರೆ ಇನ್ನು ಸಿನಿಮಾ ತಂಟೆಗೇ ಹೋಗುವುದಿಲ್ಲ ಎಂದರು ಮೇಡಂ. ಒಬ್ಬ ಗೌಡರು ತಮ್ಮ ಬಾಡಿಗೆ ಮನೆಗಳ ಅಂಗಳದಲ್ಲಿ ಸಂಜೆ ಪರದೆ ಕಟ್ಟಿಸಿದರು.

ಗಾಜಿನ ಕಟ್ಟಡದ ಪಕ್ಕದ ಖಾಲಿ ಸೈಟಿನಲ್ಲಿ ಗೌಡರದೇ ಎಮ್ಮೆ ನಿಂತಿರುವ ದೃಶ್ಯ ಬಂತು. ಎಮ್ಮೆ ಅಲ್ಲಾಡಲಿಲ್ಲ. ಜನವೂ ಅಲ್ಲಾಡಲಿಲ್ಲ. ತುಂಬಾ ಹೊತ್ತಾದ ಮೇಲೆ ಲ್ಯಾಪ್‌ಟಾಪ್ ಹ್ಯಾಂಗ್ ಆಗಿದೆ ಅಂತ ನನಗೆ ಹೊಳೆಯಿತು. ಎದ್ದರೆ ಮೇಡಂ ನನ್ನ ತೋಳು ಹಿಡಿದು ಕೂರಿಸಿದರು. ಅವರು ಪರದೆ ನೋಡುತ್ತಿರಲಿಲ್ಲ, ಕಣ್ಣೊದ್ದೆ ಮಾಡಿಕೊಂಡು ಜನರನ್ನು ನೋಡುತ್ತಿದ್ದರು. ಒಬ್ಬರೂ ಎದ್ದಿರಲಿಲ್ಲ.

ಕೊನೆಗೆ ಲ್ಯಾಪ್‌ಟಾಪ್ ತಾನಾಗೇ ಸರಿಹೋಗಿ ಸಿನಿಮಾ ಮುಗಿದ ಮೇಲೆ ಎಲ್ಲರ ಬಾಯಲ್ಲೂ ಎಮ್ಮೆಯೇ. ಮೇಡಂ ಮತ್ತೆ ಎಡಿಟಿಂಗಿಗೆ ಕೂತು, ಆ ದೃಶ್ಯವನ್ನು ಅವತ್ತು ಹ್ಯಾಂಗ್ ಆಗಿ ನಿಂತಿದ್ದಷ್ಟೇ ಉದ್ದ ಮಾಡಿದರು. ಈ ಸಲ ಅದು ನಿಜವಾಗಿ ಓಡುವ ಚಿತ್ರ, ಕೊನೆಯಲ್ಲಿ ಎಮ್ಮೆ ಒಮ್ಮೆ ಬಾಲ ಬೀಸುತ್ತದೆ. ಮೊದಲು ಗೌಡರಿಗೇ ತೋರಿಸಿದೆವು.

ಅವರು ಬೇಜಾರಿನಿಂದ ತಲೆಯಾಡಿಸಿದರು. “ಮೊದ್ಲು ಎಂಗೆ ನಿಂತಿತ್ತು ಕಣಮ್ಮ. ನಾಲ್ಕು ಜನ ಒಗಳಿದ್ದೇ ತಡ, ಈಗ ಓವರ್ ಆಕ್ಟಿಂಗ್ ಮಾಡ್ತೈತೆ.”